ಬೋರ್ಡು ಶಾಲೆಯಿಂದ ಪಂಚಾಯತು ಶಾಲೆಗೆ

ಕಳೆದ ವರುಷ ಶಾಲೆ ತೆರೆದ ಮೊದಲನೆಯ ವಾರದಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಮಾಸ್ತರೇ, ನಮ್ಮ ಅಜ್ಜ ಈ ಶಾಲೆಯನ್ನು ಬೋರ್ಡು ಶಾಲೆ ಎನ್ನುತ್ತಾರೆ. ಕರಿಯ ಬೋರ್ಡು ಎಲ್ಲ ಶಾಲೆಗಳಲ್ಲಿಯೂ ಇದೆಯಲ್ಲ, ನಮ್ಮದು ಮಾತ್ರ ಬೋರ್ಡು ಶಾಲೆ ಹೇಗಾಯಿತು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಉತ್ತರ ಹೇಳಹೊರಟಾಗ ನಗುವುದಕ್ಕಿಂತ ಅದು ಕಠಿನವಾದ ಕೆಲಸವೆಂದು ತಿಳಿಯಿತು. ಆ ಬೋರ್ಡು ಗೋಡೆಯ ಮೇಲಿನ ಕರಿಹಲಗೆಯಲ್ಲ, ದಕ್ಷಿಣ ಕನ್ನಡ ಜಿಲ್ಲಾ ಬೋರ್ಡು ಎಂದೆನು. ಹಾಗೆಂದರೇನು? ಅದು ಎಲ್ಲಿಗೆ ಹೋಯಿತು? ಈಗ ನಮ್ಮ ಶಾಲೆ ಯಾರದು? ಪ್ರಶ್ನೆಯಿಂದ ಪ್ರಶ್ನೆ ಹುಟ್ಟಿ ಗಂಟೆ ಬಾರಿಸಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸಲು ಯತ್ನಿಸಿದ್ದೇನೆ. ಒಂದು ಶಾಲೆಯ ಅಡ್ಡಹೆಸರಿನಲ್ಲಿ ನೂರೈವತ್ತು ವರುಷಗಳ ಚರಿತ್ರೆ ಅಡಗಿರುವುದೆಂದರೆ ಉತ್ಪ್ರೇಕ್ಷೆಯಲ್ಲ.

ಬ್ರಿಟಿಷರ ಆಳ್ವಿಕೆಯ ಮೊದಲ ಏಳು ದಶಕಗಳಲ್ಲಿ ನಮ್ಮ ಜಿಲ್ಲೆಯ ಆಡಳಿತವೆಂದರೆ ಕಲೆಕ್ಟರನ ಆಡಳಿತವೆಂದೇ ಅರ್ಥ. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಕಂದಾಯವನ್ನು ವಸೂಲು ಮಾಡುವ ಕೈಯೇ ದಾರಿ ಕಡಿಸುವ ಕೈಯೂ, ಸಂಕ ಹಾಕಿಸುವ ಕೈಯೂ ಆಗಿದ್ದಿತು. ಊರಿನವರಿಗೆ ಅರ್ಜಿ ಕೊಡುವ ಸ್ವಾತಂತ್ರ್ಯವಿದ್ದಿತೇ ಹೊರತು ಹಣ ಎಲ್ಲಿ ವೆಚ್ಚವಾಗಬೇಕೆಂದು ಹೇಳುವ ಸ್ಥಾನವಿರಲಿಲ್ಲ.

ಈ ಸ್ಥಿತಿ ಮೊದಲು ಸಡಿಲವಾದುದು ೧೮೭೦-೭೧ರಲ್ಲಿ. ವೈಸರಾಯ್ ಮೇಯೋ ಪ್ರಭುವು ೧೮೭೦ರ ನಿರ್ಣಯದ ಮೂಲಕ ಕೆಲವು ಇಲಾಖೆಗಳ ಭಾರವನ್ನು ಕೇಂದ್ರದಿಂದ ಪ್ರಾಂತಗಳಿಗೆ ಇಳಿಸಿದನು. ಮದರಾಸು ಸರಕಾರವು ಮರುವರುಷವೇ ಲೋಕಲ್ ಫಂಡು ಕಾಯ್ದೆಯನ್ನು ಮಾಡಿತು. ಭೂಮಿಯ ಮೇಲೆ ಒಂದು ಉಪಕರವನ್ನು ಹಾಕಿ, ಅದರಿಂದ ಬಂದ ಹಣವನ್ನು ದಾರಿ, ಶಾಲೆ, ಆಸ್ಪತ್ರೆಗಳಿಗೆ ಸ್ಥಳದಲ್ಲಿಯೇ ವಿನಿಯೋಗಿಸಬೇಕೆಂಬುದು ಅದರ ಸಾರ. ಜಿಲ್ಲೆಗಳನ್ನು ‘ಸರ್ಕಲು’ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಬೋರ್ಡನ್ನು ನೇಮಿಸಲಾಯಿತು. ಅಧ್ಯಕ್ಷನು ಕಲೆಕ್ಟರನೇ, ಸದಸ್ಯರು ಸರಕಾರ ನೇಮಿಸಿದವರೇ. ಜನರಿಗೆ ಅಧಿಕಾರ ಕೊಡಬೇಕೆಂಬ ಔದಾರ್ಯಕ್ಕಿಂತ, ಸರಕಾರದ ಬೊಕ್ಕಸದ ಹೊರೆಯನ್ನು ಹಗುರ ಮಾಡಬೇಕೆಂಬ ಚಿಂತೆಯೇ ಇದರ ಹಿಂದೆ ಹೆಚ್ಚಾಗಿದ್ದಿತು. ಹೀಗೆ ನಮ್ಮ ನಾಡಿನಲ್ಲಿ ಸ್ಥಳೀಯ ಆಡಳಿತವು ಮೊದಲು ತೆರಿಗೆಯ ರೂಪದಲ್ಲಿ ಬಂದು, ಅನಂತರ ಹಕ್ಕಿನ ರೂಪವನ್ನು ತಾಳಿತೆಂಬುದನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು.

ಹಕ್ಕಿನ ಮಾತು ಬಂದುದು ರಿಪನ್ ಪ್ರಭುವಿನ ಕಾಲದಲ್ಲಿ. ೧೮೮೨ರ ಮೇ ೧೮ರಂದು ಹೊರಟ ಆತನ ನಿರ್ಣಯವು ಒಂದು ಹೊಸ ವಿಚಾರವನ್ನು ಮುಂದಿಟ್ಟಿತು. ಸ್ಥಳೀಯ ಸಂಸ್ಥೆಗಳ ಮುಖ್ಯ ಪ್ರಯೋಜನವು ಆಡಳಿತ ಉತ್ತಮವಾಗುವುದಲ್ಲ, ಜನರಿಗೆ ರಾಜಕೀಯ ಶಿಕ್ಷಣ ದೊರೆಯುವುದು ಎಂಬುದೇ ಆ ವಿಚಾರ. ಮೊದಮೊದಲು ತಪ್ಪುಗಳಾಗಬಹುದು, ಆದರೆ ತಪ್ಪು ಮಾಡದೆ ಕಲಿಯುವವರಾರು? ಶಿಕ್ಷಕರಾದ ನಮಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿರ್ಣಯವನ್ನು ಅನುಸರಿಸಿ ಮದರಾಸಿನಲ್ಲಿ ೧೮೮೪ರ ಲೋಕಲ್ ಬೋರ್ಡು ಕಾಯ್ದೆ ಬಂದಿತು. ಅದು ಕಟ್ಟಿದುದು ಮೂರಂತಸ್ತಿನ ಮನೆ. ಮೇಲೆ ಜಿಲ್ಲಾ ಬೋರ್ಡು, ಮಧ್ಯದಲ್ಲಿ ತಾಲೂಕು ಬೋರ್ಡು, ಕೆಳಗೆ ಒಂದು ಅಥವಾ ಹಲವು ಗ್ರಾಮಗಳು ಸೇರಿದ ಯೂನಿಯನ್ ಪಂಚಾಯತು. ಆದರೆ ಜಿಲ್ಲಾ ಬೋರ್ಡಿನ ಅಧ್ಯಕ್ಷಪೀಠದಲ್ಲಿ ಕಲೆಕ್ಟರನೂ, ತಾಲೂಕು ಬೋರ್ಡಿನಲ್ಲಿ ಆತನ ಕೈಕೆಳಗಿನ ವಿಭಾಗಾಧಿಕಾರಿಯೂ ಕುಳಿತರು. ಮನೆ ಹೊಸದು, ಯಜಮಾನ ಹಳಬ. ಕೆಳಗಿನ ಅಂತಸ್ತಂತೂ ನಮ್ಮ ಕರಾವಳಿಯಲ್ಲಿ ದುರ್ಬಲವಾಗಿಯೇ ಉಳಿಯಿತು. ಘಟ್ಟದ ಮೇಲಿನ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗದ್ದೆ, ಒಂದು ಗುಡ್ಡ, ಕೆಲವೆಡೆ ಒಂದು ಹೊಳೆ. ಇಂತಹ ಕಡೆ ‘ಗ್ರಾಮ’ವೆಂದರೆ ಯಾವ ಎಲ್ಲೆಯಿಂದ ಯಾವ ಎಲ್ಲೆಯವರೆಗೆ ಎಂಬುದನ್ನು ಕಂದಾಯದ ಪುಸ್ತಕವೇ ಹೇಳಬೇಕಾಯಿತು.

ಮುಂದಿನ ದೊಡ್ಡ ಹೆಜ್ಜೆ ೧೯೨೦ರದು. ೧೯೧೯ರ ಸುಧಾರಣೆಗಳಿಂದ ಸ್ಥಳೀಯ ಸ್ವಯಮಾಡಳಿತವು ಪ್ರಾಂತದ ಮಂತ್ರಿಗಳಿಗೆ ವರ್ಗಾಯಿತವಾದ ವಿಷಯವಾಯಿತು. ೧೯೨೦ರ ಮದರಾಸು ಲೋಕಲ್ ಬೋರ್ಡು ಕಾಯ್ದೆಯ ಅನಂತರ ಬೋರ್ಡುಗಳಲ್ಲಿ ಚುನಾಯಿತ ಸದಸ್ಯರದೇ ಮೇಲುಗೈಯಾಯಿತು. ಅದೇ ವರುಷದ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಿಕ್ಷಣಕ್ಕಾಗಿ ಕರ ವಿಧಿಸುವ ಮತ್ತು ಶಿಕ್ಷಣವನ್ನು ಕಡ್ಡಾಯಗೊಳಿಸುವ ಅವಕಾಶವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ‘ಬೋರ್ಡು ಶಾಲೆ’, ‘ಬೋರ್ಡು ಮಾಸ್ತರ’, ‘ಬೋರ್ಡು ಆಸ್ಪತ್ರೆ’ ಎಂಬ ಮಾತುಗಳು ನಮ್ಮ ಆಡುಮಾತಿನಲ್ಲಿ ಬೇರೂರಿದ ಕಾಲವಿದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವೂ ಬೋರ್ಡು ಶಾಲೆಯ ಸ್ಲೇಟಿನ ಮೇಲೆ ಕನ್ನಡದ ಅಕ್ಷರವನ್ನು ತಿದ್ದಿತು. ಬೋರ್ಡು ಆ ಶಾಲೆಗಳಿಗೆ ಕಟ್ಟಡವನ್ನು ಒದಗಿಸಿದುದಲ್ಲದೆ ಕನ್ನಡವನ್ನೂ ಒದಗಿಸಿತು.

೧೯೩೪ರಲ್ಲಿ ಮೂರಂತಸ್ತಿನ ಮನೆಯ ಮಧ್ಯದ ಅಂತಸ್ತು ಕುಸಿಯಿತು. ಅಂದರೆ ತಾಲೂಕು ಬೋರ್ಡುಗಳನ್ನು ಮದರಾಸು ಸರಕಾರವು ರದ್ದುಗೊಳಿಸಿತು. ಆದಾಯ ಸಾಲದೆ ಅವು ಜಿಲ್ಲಾ ಬೋರ್ಡಿನ ಮುಖವನ್ನೇ ನೋಡುವಂತಾಗಿತ್ತು. ಜಗತ್ತಿನ ಆರ್ಥಿಕ ಮುಗ್ಗಟ್ಟೂ ಅದೇ ಸಮಯಕ್ಕೆ ಬಂದು ಸೇರಿತ್ತು. ಅವುಗಳ ಹೆಚ್ಚಿನ ಕೆಲಸಗಳು ಜಿಲ್ಲಾ ಬೋರ್ಡಿಗೆ ಏರಿದವು. ವೆಚ್ಚ ಉಳಿಯಿತು, ಆದರೆ ಒಂದು ಮಾತನ್ನು ಮರೆಯಲಾಗದು. ಕಾಸರಗೋಡಿನಲ್ಲಿ ತೀರ್ಮಾನವಾಗಬಹುದಾಗಿದ್ದ ಸಂಗತಿಯು ಅಂದಿನಿಂದ ಮಂಗಳೂರಿನಲ್ಲಿ ತೀರ್ಮಾನವಾಗತೊಡಗಿತು. ಆಗ ಯಾರಿಗೂ ಅದು ದೂರವೆನಿಸಲಿಲ್ಲ. ಮಂಗಳೂರು ನಮ್ಮದೇ ಆಗಿದ್ದಿತು.

ಸ್ವಾತಂತ್ರ್ಯದ ಬಳಿಕ ೧೯೫೦ರ ಮದರಾಸು ಗ್ರಾಮ ಪಂಚಾಯತು ಕಾಯ್ದೆಯು ಐನೂರಕ್ಕಿಂತ ಕಡಮೆಯಲ್ಲದ ಜನಸಂಖ್ಯೆಯ ಪ್ರತಿ ಗ್ರಾಮಕ್ಕೂ ಪಂಚಾಯತು ಬೇಕೆಂದಿತು. ಕೆಳಗಿನ ಅಂತಸ್ತು ಗಟ್ಟಿಯಾಗತೊಡಗಿದ ಆ ಹೊತ್ತಿಗೆ ಮನೆಯೇ ಸ್ಥಳಾಂತರವಾಯಿತು. ೧೯೫೬ರ ನವೆಂಬರ ೧ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳದ ಮಲಬಾರು ಜಿಲ್ಲೆಗೆ ಸೇರಿತು. ಎರಡು ತಿಂಗಳು ಕಳೆದು, ೧೯೫೭ರ ಜನವರಿ ೧ರಂದು ಮಲಬಾರು ಮೂರಾಗಿ ಒಡೆದು, ನಾವು ಕಣ್ಣೂರು ಜಿಲ್ಲೆಯವರಾದೆವು. ಮಂಗಳೂರಿನ ಬೋರ್ಡು ನಮ್ಮದಾಗಿ ಉಳಿಯಲಿಲ್ಲ. ಹೆಸರು ಮಾತ್ರ ಅಜ್ಜಂದಿರ ಬಾಯಲ್ಲಿ ಉಳಿಯಿತು. ನನ್ನ ವಿದ್ಯಾರ್ಥಿಯ ಕಿವಿಗೆ ಬಿದ್ದುದು ಆ ಹೆಸರು.

ಈ ಪ್ರಸಂಗದಲ್ಲಿ ಭಾವಾವೇಶದ ಮಾತುಗಳು ಬಹಳ ಬಂದಿವೆ. ಅವಕ್ಕೆ ಕಾರಣವೂ ಇದ್ದಿತು. ೧೯೫೭ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರವು ಎಂ. ಉಮೇಶರಾಯರನ್ನು ಅವಿರೋಧವಾಗಿ ಕೇರಳದ ವಿಧಾನಸಭೆಗೆ ಕಳುಹಿಸಿತು, ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಆದರೆ ನಾನಿಲ್ಲಿ ಹೇಳಹೊರಟಿರುವುದು ರಾಜ್ಯದ ಗಡಿಯ ವಿಚಾರವನ್ನಲ್ಲ. ರಾಜ್ಯದ ಗಡಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ನಮ್ಮ ದಿನನಿತ್ಯದ ಬಾಳನ್ನು ಮುಟ್ಟುವ ಸಣ್ಣ ಗಡಿಗಳಿವೆ. ಅವು ಜಿಲ್ಲೆಯ, ತಾಲೂಕಿನ, ಪಂಚಾಯತಿನ, ವಾರ್ಡಿನ ಗಡಿಗಳು.

ಇದನ್ನು ಒಂದು ಲೆಕ್ಕದಿಂದ ತಿಳಿಸುತ್ತೇನೆ. ಒಂದು ಊರಿನಲ್ಲಿ ನೂರು ಮಂದಿಯಿದ್ದು, ಅವರಲ್ಲಿ ಅರುವತ್ತು ಮಂದಿ ಕನ್ನಡಿಗರೆಂದು ಭಾವಿಸೋಣ. ಊರನ್ನೇ ಘಟಕವಾಗಿ ಹಿಡಿದರೆ ಕನ್ನಡಿಗರು ನೂರಕ್ಕೆ ಅರುವತ್ತು. ಅದೇ ಊರನ್ನು ಸಾವಿರ ಮಂದಿಯ ಬೇರೊಂದು ಘಟಕದಲ್ಲಿ ಸೇರಿಸಿ, ಉಳಿದ ಭಾಗದಲ್ಲಿ ಕನ್ನಡಿಗರಿಲ್ಲವೆಂದು ಹಿಡಿದರೆ ಅವರು ನೂರಕ್ಕೆ ಆರು. ಒಬ್ಬನೂ ಊರು ಬಿಟ್ಟು ಹೋಗಿಲ್ಲ, ಒಬ್ಬನೂ ಭಾಷೆ ಮರೆತಿಲ್ಲ. ಎಲ್ಲೆ ಮಾತ್ರ ಬದಲಾಯಿತು. ಒಂದು ಹಿಡಿ ಉಪ್ಪನ್ನು ಪಾತ್ರೆಯ ನೀರಿಗೆ ಹಾಕಿದರೆ ರುಚಿ ತಿಳಿಯುವುದು. ಕೆರೆಗೆ ಹಾಕಿದರೆ ತಿಳಿಯದು. ಉಪ್ಪಿನ ಗುಣದಲ್ಲಿ ದೋಷವಿಲ್ಲ.

ಇದು ಬರಿಯ ಗಣಿತದ ವಿನೋದವಲ್ಲ. ೧೯೫೬ರಲ್ಲಿ ಕೇಂದ್ರದ ಗೃಹ ಸಚಿವಾಲಯವು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಂದು ಜ್ಞಾಪಕವನ್ನು ಹೊರಡಿಸಿತು. ಒಂದು ಜಿಲ್ಲೆಯಲ್ಲಿ ಅಲ್ಪಸಂಖ್ಯಾತರ ಭಾಷೆಯನ್ನಾಡುವವರು ನೂರಕ್ಕೆ ಎಪ್ಪತ್ತರಷ್ಟಿದ್ದರೆ ಆ ಭಾಷೆಯೇ ಜಿಲ್ಲೆಯ ಆಡಳಿತಭಾಷೆಯಾಗಬಹುದೆಂದೂ, ಜಿಲ್ಲೆಯಲ್ಲಿಯೋ ಪುರಸಭೆ, ತಾಲೂಕುಗಳಂತಹ ಸಣ್ಣ ಪ್ರದೇಶದಲ್ಲಿಯೋ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟಿದ್ದರೆ ಮುಖ್ಯ ಪ್ರಕಟನೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಪ್ರಕಟಿಸುವುದು ಲೇಸೆಂದೂ ಅದರಲ್ಲಿದೆ. ಶಾಲೆಯ ವಿಷಯದಲ್ಲಿ ಅದಕ್ಕೂ ಹಳೆಯದಾದ ೧೯೪೯ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರವನ್ನು ಶಿಕ್ಷಕರೆಲ್ಲರೂ ಬಲ್ಲರು. ತರಗತಿಯಲ್ಲಿ ಹತ್ತು ಮಕ್ಕಳು, ಅಥವಾ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ. ಎರಡೂ ಕಡೆ ರಕ್ಷಣೆಯು ಎಣಿಕೆಯನ್ನು ಅವಲಂಬಿಸಿದೆ. ಎಣಿಕೆಯು ಎಲ್ಲೆಯನ್ನು ಅವಲಂಬಿಸಿದೆ. ಘಟಕ ಚಿಕ್ಕದಾದಷ್ಟೂ ನಾವು ಕಾಣಿಸುತ್ತೇವೆ, ದೊಡ್ಡದಾದಷ್ಟೂ ಮರೆಯಾಗುತ್ತೇವೆ. ಕಣ್ಣೂರು ಜಿಲ್ಲೆಯ ಒಂದು ಮೂಲೆಯಲ್ಲಿದ್ದಾಗ ನಮ್ಮ ಪಾಡು ಕೆರೆಗೆ ಬಿದ್ದ ಉಪ್ಪಿನದೇ ಆಗಿದ್ದಿತು. ೧೯೮೪ರ ಮೇ ೨೪ರಂದು ಕಾಸರಗೋಡು ಬೇರೆ ಜಿಲ್ಲೆಯಾದಾಗಲೂ, ೨೦೧೪ರಲ್ಲಿ ಮಂಜೇಶ್ವರ ಬೇರೆ ತಾಲೂಕಾದಾಗಲೂ ಕನ್ನಡಿಗರು ಸಂತೋಷಪಟ್ಟುದಕ್ಕೆ ಕಚೇರಿ ಹತ್ತಿರವಾಯಿತೆಂಬುದೊಂದೇ ಕಾರಣವಲ್ಲ. ಪಾತ್ರೆ ಚಿಕ್ಕದಾಯಿತೆಂಬುದೂ ಕಾರಣ.

ಇನ್ನು ೧೯೫೬ರ ಬಳಿಕ ಗಡಿಯ ಕನ್ನಡಿಗರು ಯಾವ ಯಾವ ಮನೆಗಳಲ್ಲಿ ನೆಲೆಸಿದರೆಂಬುದನ್ನು ನೋಡೋಣ. ೧೯೫೭ರಲ್ಲಿ ಬಲವಂತರಾಯ ಮೆಹತಾ ಸಮಿತಿಯು ಗ್ರಾಮ, ಬ್ಲಾಕು, ಜಿಲ್ಲೆ ಎಂಬ ಮೂರು ಹಂತಗಳ ಪಂಚಾಯತು ರಾಜ್ಯವನ್ನು ಸೂಚಿಸಿತು. ಒಂದೇ ವರದಿಯನ್ನು ಓದಿದ ರಾಜ್ಯಗಳು ಒಂದೊಂದು ವಿಧವಾಗಿ ಮನೆ ಕಟ್ಟಿದವು. ಮದರಾಸು ರಾಜ್ಯವು ೧೯೫೮ರ ಕಾಯ್ದೆಯಿಂದ ಜಿಲ್ಲಾ ಬೋರ್ಡನ್ನು ತೆಗೆದು, ಪಂಚಾಯತು ಯೂನಿಯನ್ನಿಗೆ ಬಲ ಕೊಟ್ಟಿತು. ತಾಳವಾಡಿ, ಹೊಸೂರಿನವರು ಆ ಮನೆಯವರಾದರು. ಆಂಧ್ರವು ೧೯೫೯ರಲ್ಲಿ ಪಂಚಾಯತು ಸಮಿತಿ ಮತ್ತು ಜಿಲ್ಲಾ ಪರಿಷತ್ತುಗಳನ್ನು ರಚಿಸಿತು. ಆದವಾನಿ, ರಾಯದುರ್ಗ, ಮಡಕಶಿರದವರು ಅಲ್ಲಿ ಸೇರಿದರು. ಮಹಾರಾಷ್ಟ್ರವು ೧೯೬೧ರ ಕಾಯ್ದೆಯ ಮೂಲಕ ೧೯೬೨ರಲ್ಲಿ ಬಲಿಷ್ಠವಾದ ಜಿಲ್ಲಾ ಪರಿಷತ್ತುಗಳನ್ನು ಸ್ಥಾಪಿಸಿ ಪ್ರಾಥಮಿಕ ಶಾಲೆಗಳನ್ನು ಅವುಗಳ ಕೈಗಿತ್ತಿತು; ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳು ಹೀಗೆ ಜಿಲ್ಲಾ ಪರಿಷತ್ತಿನ ಶಾಲೆಗಳಾದವು. ಮೈಸೂರು ರಾಜ್ಯವು ೧೯೫೯ರ ಕಾಯ್ದೆಯಿಂದ ತಾಲೂಕು ಬೋರ್ಡನ್ನು ಎತ್ತಿ ನಿಲ್ಲಿಸಿ ಜಿಲ್ಲೆಯಲ್ಲಿ ಸಲಹೆಗೆ ಮಾತ್ರ ಒಂದು ಮಂಡಳಿಯನ್ನಿರಿಸಿತು. ಮುಂದೆ ಅದೇ ರಾಜ್ಯವು ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ೧೯೮೩ರ ಕಾಯ್ದೆಯನ್ನು ಮಾಡಿ, ೧೯೮೭ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತುಗಳಿಗೆ ಚುನಾವಣೆ ನಡೆಸಿದುದು ದೇಶವೇ ಮೆಚ್ಚಿದ ಪ್ರಯೋಗ. ಒಂದೇ ತಾಯಿಯ ಮಕ್ಕಳು ಹಲವು ಮನೆಗಳಲ್ಲಿ ಬೆಳೆದರು; ಒಬ್ಬನ ಶಾಲೆ ಬ್ಲಾಕಿನದು, ಒಬ್ಬನದು ಜಿಲ್ಲೆಯದು, ಒಬ್ಬನದು ಸರಕಾರದ್ದು.

ಕೇರಳದ ಕಥೆ ಇವೆಲ್ಲಕ್ಕಿಂತ ವಿಚಿತ್ರವಾದುದು. ಕೆಳಗಿನ ಅಂತಸ್ತು ಇದ್ದಿತು, ಮೇಲೆ ರಾಜಧಾನಿಯಿದ್ದಿತು. ನಡುವೆ ಏನೂ ಇರಲಿಲ್ಲ. ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಸಮಿತಿಯು ೧೯೫೮ರಲ್ಲಿ ವರದಿಯನ್ನಿತ್ತ ಬಳಿಕ ಜಿಲ್ಲಾ ಮಂಡಳಿಗಾಗಿ ಮಸೂದೆ ಸಿದ್ಧವಾಯಿತು; ೧೯೫೯ರಲ್ಲಿ ಮಂತ್ರಿಮಂಡಲವು ವಜಾ ಆದುದರಿಂದ ಮಸೂದೆಯೂ ಬಿದ್ದುಹೋಯಿತು. ೧೯೬೦ರ ಪಂಚಾಯತು ಕಾಯ್ದೆಯು ತಿರುವಾಂಕೂರು-ಕೊಚ್ಚಿ ಭಾಗವನ್ನೂ, ಮದರಾಸಿನಿಂದ ಬಂದ ಮಲಬಾರು ಮತ್ತು ಕಾಸರಗೋಡು ಭಾಗವನ್ನೂ ಒಂದೇ ನಿಯಮದ ಕೆಳಗೆ ತಂದಿತು. ಆದರೆ ಅದು ಗ್ರಾಮ ಪಂಚಾಯತಿನ ಕಾಯ್ದೆ ಮಾತ್ರ. ಜಿಲ್ಲೆಯ ಹಂತಕ್ಕಾಗಿ ೧೯೬೪ರಲ್ಲಿ ಮತ್ತೊಂದು ಮಸೂದೆ, ೧೯೬೭ರಲ್ಲಿ ಇನ್ನೊಂದು, ೧೯೭೧ರಲ್ಲಿ ಮಗದೊಂದು. ಒಂದೂ ದಡ ಸೇರಲಿಲ್ಲ. ೧೯೭೯ರಲ್ಲಿ ಜಿಲ್ಲಾ ಆಡಳಿತ ಕಾಯ್ದೆ ಅಂಗೀಕೃತವಾಯಿತು. ಅದರಂತೆ ಜಿಲ್ಲಾ ಕೌನ್ಸಿಲುಗಳಿಗೆ ಚುನಾವಣೆ ನಡೆದುದು ೧೯೯೧ರ ಜನವರಿಯಲ್ಲಿ. ಹನ್ನೆರಡು ವರುಷ ಕಾದು ಹುಟ್ಟಿದ ಆ ಕೂಸಿನ ಕೈಕಾಲುಗಳನ್ನು ಅದೇ ವರುಷ ಬಂದ ಹೊಸ ಸರಕಾರವು ಕಟ್ಟಿಬಿಟ್ಟಿತು. ಗ್ರಾಮ ಪಂಚಾಯತುಗಳ ಚುನಾವಣೆಯೂ ಹಾಗೆಯೇ. ೧೯೬೩ರಲ್ಲಿ ಒಂದು, ೧೯೭೯ರಲ್ಲಿ ಎರಡನೆಯದು, ೧೯೮೮ರಲ್ಲಿ ಮೂರನೆಯದು. ೧೯೬೩ರಲ್ಲಿ ಹುಟ್ಟಿದ ಮಗು ಹೈಸ್ಕೂಲು ಮುಗಿಸುವವರೆಗೂ ಒಂದೇ ಪಂಚಾಯತು ಸಮಿತಿಯನ್ನು ನೋಡಿತು!

ಇದರಿಂದ ಕಲಿಯಬೇಕಾದ ಪಾಠವೇನು? ಸ್ಥಳೀಯ ಸಂಸ್ಥೆಗಳನ್ನು ಆಳುವವರು ದ್ವೇಷಿಸುವುದಿಲ್ಲ. ಎಲ್ಲ ಪಕ್ಷದವರೂ ಅವನ್ನು ಹೊಗಳಿದ್ದಾರೆ. ಆದರೆ ಕೈಯಲ್ಲಿರುವುದನ್ನು ಇನ್ನೊಂದು ಕೈಗೆ ಕೊಡುವುದು ಮನುಷ್ಯನಿಗೆ ಸುಲಭವಲ್ಲ. ಕಲೆಕ್ಟರನು ೧೮೮೪ರಲ್ಲಿ ಕುರ್ಚಿಯನ್ನು ಬಿಟ್ಟುಕೊಡಲಿಲ್ಲ. ನಮ್ಮವರೇ ಆದ ಮಂತ್ರಿಗಳೂ ಬಹುಕಾಲ ಬಿಟ್ಟುಕೊಡಲಿಲ್ಲ.

ಕೊನೆಗೆ ಅದನ್ನು ಬಿಡಿಸಿದುದು ಸಂವಿಧಾನ. ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದ ೭೩ನೆಯ ತಿದ್ದುಪಡಿಯು ಪ್ರತಿ ಐದು ವರುಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯ ಮಾಡಿತು; ಸ್ತ್ರೀಯರಿಗೆ ಮೂರನೆಯ ಒಂದಂಶಕ್ಕೆ ಕಡಮೆಯಿಲ್ಲದ ಸ್ಥಾನಗಳನ್ನು ಮೀಸಲಿಟ್ಟಿತು; ಪಂಚಾಯತುಗಳಿಗೆ ಒಪ್ಪಿಸಬಹುದಾದ ೨೯ ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ಕೇರಳದ ೧೯೯೪ರ ಪಂಚಾಯತು ರಾಜ್ ಕಾಯ್ದೆಯು ಗ್ರಾಮ, ಬ್ಲಾಕು, ಜಿಲ್ಲೆಗಳೆಂಬ ಮೂರಂತಸ್ತಿನ ಮನೆಯನ್ನು ಮತ್ತೆ ಕಟ್ಟಿತು. ೧೮೮೪ರ ನಕಾಶೆಯೇ ನೂರಹತ್ತು ವರುಷಗಳ ಮೇಲೆ ಮರಳಿ ಬಂದಂತಾಯಿತು! ೧೯೯೫ರಲ್ಲಿ ಚುನಾವಣೆ ನಡೆದು, ಅಕ್ಟೋಬರ್ ೨ರ ಗಾಂಧಿ ಜಯಂತಿಯಂದು ಹೊಸ ಸಮಿತಿಗಳು ಅಧಿಕಾರಕ್ಕೆ ಬಂದವು. ಸರಕಾರಿ ಪ್ರಾಥಮಿಕ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ ಭವನಗಳು ಗ್ರಾಮ ಪಂಚಾಯತಿಗೂ, ಸರಕಾರಿ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿಗೂ ವರ್ಗವಾದವು. ೧೯೯೬ರ ಆಗಸ್ಟ್ ೧೭ರಂದು ಆರಂಭವಾದ ಜನಕೀಯ ಯೋಜನೆಯು ರಾಜ್ಯದ ಯೋಜನಾ ವೆಚ್ಚದ ನೂರಕ್ಕೆ ೩೫ರಿಂದ ೪೦ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಡಲು ನಿಶ್ಚಯಿಸಿತು. ಇಷ್ಟು ದೊಡ್ಡ ಪಾಲನ್ನು ಕೆಳಗಿಳಿಸಿದ ಕೀರ್ತಿ ಕೇರಳಕ್ಕೆ ಸಲ್ಲಬೇಕು. ಗಡಿಯ ವಿಷಯದಲ್ಲಿ ನಮಗೆ ಮನೋವ್ಯಥೆಯಿದ್ದರೂ, ಗುಣವನ್ನು ಗುಣವೆಂದು ಒಪ್ಪುವುದು ನ್ಯಾಯ.

ಅಧಿಕಾರ ವಿಕೇಂದ್ರೀಕರಣದ ಪಾಠವನ್ನು ಮಕ್ಕಳಿಗೆ ಹೇಳುವಾಗ ನಾನು ಮೂರು ಕಕಾರಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಕಾರ್ಯ, ಕಾಸು, ಕಾರಕೂನ. ಕಾರ್ಯವನ್ನು ಮಾತ್ರ ಕೊಟ್ಟು ಕಾಸನ್ನು ಕೊಡದಿದ್ದರೆ ಅದು ಹೊರೆ. ೧೯೩೪ರಲ್ಲಿ ತಾಲೂಕು ಬೋರ್ಡು ಬಿದ್ದುದು ಹೀಗೆಯೇ. ಕಾಸನ್ನು ಕೊಟ್ಟು ಕೆಲಸ ಮಾಡುವ ಕಾರಕೂನರನ್ನು ಕೊಡದಿದ್ದರೆ ಹಣವು ಕಾಗದದಲ್ಲಿಯೇ ಉಳಿಯುವುದು. ಶಾಲೆಯ ವಿಷಯದಲ್ಲಿ ಈ ಹಂಚಿಕೆ ಇನ್ನೂ ಅರೆಬರೆಯಾಗಿದೆ. ಕಟ್ಟಡ, ನೀರು, ಶೌಚಾಲಯಗಳ ಚಿಂತೆ ಪಂಚಾಯತಿನದು, ಶಿಕ್ಷಕರ ನೇಮಕವೂ ಸಂಬಳವೂ ರಾಜ್ಯದ್ದು, ಪಠ್ಯಪುಸ್ತಕವೂ ರಾಜ್ಯದ್ದು. ಇನ್ನು ಖಾಸಗಿ ಆಡಳಿತದ ಅನುದಾನಿತ ಶಾಲೆಗಳಂತೂ ಈ ವರ್ಗಾವಣೆಯ ಹೊರಗೇ ಉಳಿದಿವೆ.

ಆದರೆ ನಮ್ಮಂತಹ ಗಡಿನಾಡಿನಲ್ಲಿ ಮೂರು ಕಕಾರಗಳು ಸಾಲವು, ನಾಲ್ಕನೆಯದೊಂದು ಬೇಕು. ಅದು ಕನ್ನಡ.

ಕೆಲವು ವರುಷಗಳ ಹಿಂದೆ ಒಂದು ಗ್ರಾಮಸಭೆಗೆ ನಾನು ಹೋಗಿದ್ದೆನು. ಹಾಜರಿದ್ದವರಲ್ಲಿ ಹೆಚ್ಚಿನವರು ತುಳು, ಕನ್ನಡ ಆಡುವ ಸ್ತ್ರೀಯರು. ಸಭೆಯ ಕರಪತ್ರವು ಮಲಯಾಳದಲ್ಲಿದ್ದಿತು. ಹಂಚಿದ ಅರ್ಜಿಯ ನಮೂನೆಯೂ ಅದರಲ್ಲೇ. ವೃದ್ಧೆಯೊಬ್ಬರು ಎದ್ದು, ಸಾರ್ವಜನಿಕ ಬಾವಿಯ ಕಟ್ಟೆ ಕುಸಿದಿದೆ, ಮಳೆಗಾಲದಲ್ಲಿ ಶಾಲೆಯ ಮಕ್ಕಳು ಅದೇ ದಾರಿಯಾಗಿ ಹೋಗುತ್ತಾರೆ, ಕಟ್ಟೆಯನ್ನು ಕಟ್ಟಿಸಬೇಕೆಂದರು. ಎಲ್ಲರೂ ಹೌದೆಂದರು. ಅವರ ಪರವಾಗಿ ಯಾರೋ ನಮೂನೆಯನ್ನು ತುಂಬಿದರು. ಅವರು ಕೆಳಗೆ ಕನ್ನಡದಲ್ಲಿ ರುಜು ಹಾಕಿದರು. ಮರುವರುಷದ ಸಭೆಯಲ್ಲಿ ವಿಚಾರಿಸಿದಾಗ, ಆ ಬೇಡಿಕೆಯು ಮನೆಯ ಹಿತ್ತಿಲಿನ ಸ್ವಂತ ಬಾವಿಯ ಸಹಾಯಧನವೆಂದು ದಾಖಲಾಗಿ, ಅರ್ಹತೆಯಿಲ್ಲವೆಂದು ತಳ್ಳಲ್ಪಟ್ಟಿತ್ತು. ಯಾರಲ್ಲಿಯೂ ದುರುದ್ದೇಶವಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆನು. ಅಂದು ಬರೆದುಕೊಂಡ ಗುಮಾಸ್ತನು ಸಭ್ಯ ತರುಣ. ದೂರದ ಜಿಲ್ಲೆಯಿಂದ ಬಂದವನು. ಆಕೆಯ ಮಾತು ಅವನಿಗೆ ತಿಳಿಯಲಿಲ್ಲ, ಅವನ ಬರೆಹ ಆಕೆಗೆ ತಿಳಿಯಲಿಲ್ಲ. ನಡುವೆ ಕುಳಿತಿದ್ದ ನಾನು ಒಮ್ಮೆ ಓದಿ ನೋಡಬಹುದಾಗಿತ್ತು, ನೋಡಲಿಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆ.

ಆಗ ನನಗೆ ಹೊಳೆದುದಿಷ್ಟು. ಅಧಿಕಾರವು ತಿರುವನಂತಪುರದಿಂದ ಕಾಸರಗೋಡಿಗೆ, ಕಾಸರಗೋಡಿನಿಂದ ನಮ್ಮ ಪಂಚಾಯತಿನ ಕಟ್ಟಡಕ್ಕೆ ಇಳಿದು ಬಂದಿತ್ತು. ಕಟ್ಟಡದ ಮೆಟ್ಟಿಲಿನಿಂದ ಆ ಅಜ್ಜಿಯ ಕೈಗೆ ಇಳಿಯಬೇಕಾದ ಕೊನೆಯ ಒಂದು ಮೊಳ ದೂರ ಮಾತ್ರ ಉಳಿದಿತ್ತು. ಆ ಒಂದು ಮೊಳವನ್ನು ದಾಟಿಸುವುದು ಭಾಷೆ. ಕಾನೂನು ಇದನ್ನು ತಿಳಿಯದೆ ಇಲ್ಲ. ಕೇರಳದ ೧೯೬೯ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆಯೂ, ಅಲ್ಪಸಂಖ್ಯಾತ ಪ್ರದೇಶಗಳಲ್ಲಿರುವ ಸರಕಾರದ ಸ್ಥಳೀಯ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿಯೇ ವ್ಯವಹರಿಸಬಹುದೆಂದೂ, ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಬೇಕೆಂದೂ ವಿಧಿಸಿದೆ. ಸರಕಾರದ ಕೆಲಸವು ಪಂಚಾಯತಿಗೆ ವರ್ಗವಾದಾಗ ಕೆಲಸದೊಡನೆ ಈ ಮಾತೂ ವರ್ಗವಾಗಬೇಕಾದುದು ನ್ಯಾಯವಲ್ಲವೆ? ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟವನು, ಅದರೊಳಗಿನ ವೃದ್ಧರ ಪೋಷಣೆಯ ಭಾರವನ್ನೂ ಬರೆದುಕೊಡುವುದು ನಮ್ಮಲ್ಲಿ ರೂಢಿ.

ಇದನ್ನು ಕೇಳಿ ಪಡೆಯುವ ದಾರಿ ಹಿಂದೆಂದಿಗಿಂತ ಇಂದು ಹತ್ತಿರವಾಗಿದೆ. ೧೯೩೪ರ ಬಳಿಕ ನಮ್ಮ ಅಜ್ಜಂದಿರು ಮಂಗಳೂರಿಗೆ ಹೋಗಬೇಕಿತ್ತು. ೧೯೫೭ರ ಬಳಿಕ ನಮ್ಮ ತಂದೆಯವರು ಕಣ್ಣೂರಿಗೆ ಹೋಗಬೇಕಿತ್ತು. ನಮಗೆ ಪಂಚಾಯತು ಕಚೇರಿಗೆ ನಡೆದು ಹೋದರೆ ಸಾಕು. ಇಂದು ಈ ಜಿಲ್ಲೆಯಲ್ಲಿ ೩೮ ಗ್ರಾಮ ಪಂಚಾಯತುಗಳಿವೆ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಮೊದಲಾದುವುಗಳಲ್ಲಿ ಕನ್ನಡ ಬಲ್ಲವರೇ ಸಮಿತಿಯ ಸ್ಥಾನಗಳಲ್ಲಿ ಕುಳಿತಿರುವುದುಂಟು. ಕವಿಯೂ ಶಿಕ್ಷಕರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದುದನ್ನು ನಾವು ಮರೆಯಬಾರದು. ಪಾಠ ಹೇಳುವವನಿಗೆ ಪಂಚಾಯತು ಹೊರಗಿನದಲ್ಲವೆಂದು ಅವರು ತೋರಿಸಿದರು. ೨೦೨೫ರ ಚುನಾವಣೆಗೆ ಮುಂಚೆ ವಾರ್ಡುಗಳ ಗಡಿಗಳನ್ನು ಮತ್ತೊಮ್ಮೆ ಗುರುತಿ ಬರೆದರು. ಕರಡನ್ನು ಪ್ರಕಟಿಸಿ ಆಕ್ಷೇಪಗಳನ್ನು ಕೇಳುವ ಕ್ರಮ ಇಂತಹ ಕೆಲಸದಲ್ಲಿ ಇದ್ದೇ ಇದೆ. ದೊಡ್ಡ ಗಡಿಗಾಗಿ ಮೆರವಣಿಗೆ ಮಾಡಿದ ನಮ್ಮಲ್ಲಿ ಈ ಸಣ್ಣ ಗಡಿಯ ಕರಡನ್ನು ಓದಿದವರೆಷ್ಟು ಮಂದಿ? ಉಪ್ಪು ಯಾವ ಪಾತ್ರೆಗೆ ಬೀಳುವುದೆಂಬುದು ಅಲ್ಲಿಯೂ ನಿರ್ಧಾರವಾಗುತ್ತದೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಗ್ರಾಮಸಭೆಯ ದಿನ ಊರವರೊಡನೆ ಹೋಗಿ ಕುಳಿತುಕೊಳ್ಳೋಣ. ನಮೂನೆಯನ್ನು ಓದಿ ಹೇಳೋಣ. ಬರೆದುದನ್ನು ಓದಿಸಿ ಕೇಳೋಣ. ಕನ್ನಡದ ಪ್ರತಿಯನ್ನು ವಿನಯದಿಂದ, ಆದರೆ ಬಿಡದೆ ಬೇಡೋಣ. ಮಲಯಾಳವನ್ನು ಚೆನ್ನಾಗಿ ಕಲಿತ ಕನ್ನಡಿಗನೇ ಕನ್ನಡಕ್ಕಾಗಿ ಹೆಚ್ಚು ಚೆನ್ನಾಗಿ ವಾದಿಸಬಲ್ಲನು. ನೆರೆಯವರ ಭಾಷೆಯ ದ್ವೇಷದಿಂದ ನಮ್ಮ ಭಾಷೆ ಒಂದು ಗೇಣೂ ಬೆಳೆಯದು. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಹದಿನೆಂಟು ತುಂಬಿದಂದು ನೀವು ಗ್ರಾಮಸಭೆಯ ಸದಸ್ಯರಾಗುವಿರಿ. ಅದಕ್ಕೆ ಚುನಾವಣೆಯಲ್ಲಿ ನಿಲ್ಲಬೇಕಾದುದಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಪ್ರಶ್ನೆ ಕೇಳಿದ ಹುಡುಗನಿಗೆ ಮರುದಿನ ನಾನು ಹೀಗೆಂದೆನು: “ಮಗೂ, ನಿನ್ನ ಅಜ್ಜನ ಕಾಲದಲ್ಲಿ ಈ ಶಾಲೆ ಬೋರ್ಡಿನದು. ಆಮೇಲೆ ಸರಕಾರದ್ದಾಯಿತು. ಈಗ ಪಂಚಾಯತಿನ ಕೈಯಲ್ಲಿದೆ.” ಅವನು ಒಂದು ಕ್ಷಣ ಯೋಚಿಸಿ, “ಹಾಗಾದರೆ ಪಂಚಾಯತು ಯಾರದು ಮಾಸ್ತರೇ?” ಎಂದನು. ನಾನು ಸೀಮೆಸುಣ್ಣವನ್ನು ತೆಗೆದು, ನಮ್ಮೂರಿನ ಹೆಸರನ್ನು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆದೆನು.